ಒಂದೇ ಸಲ ಅದ್ದುವ ಕಡ್ಡಿ

ಯಾರಿಗೂ ಹೇಳಿಕೊಳ್ಳದ ಸಣ್ಣ ಚಿಂತೆಯೊಂದು ನನಗಿತ್ತು. ಹೀಗೇ ಇದ್ದರೆ ನನ್ನ ದನಿ ಹೇಗಿದೆ ಎಂಬುದು ನನಗೇ ಮರೆತುಹೋದೀತು ಎಂಬ ಚಿಂತೆ. ಚಿಕ್ಕೋಡಿಯಲ್ಲಿ ಡಿಗ್ರಿ ಮುಗಿಸಿ ಕಬ್ಬೂರಿನ ಮನೆಗೆ ಬಂದು ಕೂತ ಮೇಲೆ ನನ್ನ ಮಾತೆಲ್ಲ ಡೈರಿಯೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ಅವ್ವ ಏನಾದರೂ ಕೇಳಿದರೆ ಹೂಂ, ಅಪ್ಪ ಕೇಳಿದರೆ ಊಹೂಂ. ಇಡೀ ವಾರದಲ್ಲಿ ಹಿರಿಯರ ಎದುರು ನಾನು ಗಟ್ಟಿಯಾಗಿ ಆಡುತ್ತಿದ್ದ ಮಾತು ಒಂದೇ. ಭಾನುವಾರ ಸಂಜೆ ಪಿಕಪ್ ಗಾಡಿಯ ಪಕ್ಕದಲ್ಲಿ ನಿಂತು, ಡೀಸೆಲ್ ಹತ್ತಿದ ಬಿದಿರ ಕಡ್ಡಿಯನ್ನು ಬೆಳಕಿಗೆ ಹಿಡಿದು, "ಗೀಟಿಗೆ ಬಂತು" ಎನ್ನುವುದು.

ಅಪ್ಪ ಲಗಮಣ್ಣ, ಕಾಕಾ ಬೀರದೇವ. ಅಣ್ಣತಮ್ಮಂದಿರು ಹೊಲ, ಬಾವಿ, ಎಮ್ಮೆ ಎಲ್ಲವನ್ನೂ ವಾಟ್ನಿ ಮಾಡಿ ಪಾಲು ಹಂಚಿಕೊಂಡಾಗ ಹಳೆಯ ಪಿಕಪ್ ಒಂದನ್ನು ಮಾತ್ರ ಎರಡು ತುಂಡು ಮಾಡಲಾಗಲಿಲ್ಲ. ಆಗ ಆಯಿ, ಎಂದರೆ ಅಪ್ಪನ ತಾಯಿ ಅಕ್ಕವ್ವ, ನೀರಿಗೆ ಪಾಳಿ ಇಡುವ ಹಾಗೆ ಗಾಡಿಗೂ ಪಾಳಿ ಇಟ್ಟಳು. ಒಂದು ವಾರ ಊರೊಳಗಿನ ನಮ್ಮ ಮನೆ, ಮುಂದಿನ ವಾರ ತೋಟದಲ್ಲಿರುವ ಕಾಕಾನ ಮನೆ. ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಯಾವ ಕಾಲದಲ್ಲೋ ಕೆಟ್ಟು ನಿಂತಿತ್ತು. ಅದಕ್ಕೆ ಆಯಿ ಒಂದು ಬಿದಿರ ಕಡ್ಡಿಯ ಮೇಲೆ ಕುಡುಗೋಲಿನಿಂದ ಗೀಟು ಎಳೆದಳು. ಪಾಳಿ ಬಿಡುವವರು ಆ ಗೀಟಿನ ತನಕ ಎಣ್ಣೆ ತುಂಬಿಸಿ, ತಮ್ಮ ಅಂಗಳದಲ್ಲೇ ಕಡ್ಡಿ ಅದ್ದಿ ತೋರಿಸಿ ಗಾಡಿ ಕೊಡಬೇಕು.

"ಕಡ್ಡಿ ಒಂದ ಸಲ," ಅಂದಿದ್ದಳು ಆಯಿ. "ಒಯ್ದಾವ ತನ್ನ ಮನ್ಯಾಗ ಮತ್ತ ಅದ್ದಿ ನೋಡಿದಾ ಅಂದ್ರ, ಒಡಹುಟ್ಟಿದಾವನ್ನ ಕಳ್ಳ ಅಂದಂಗ. ನಾ ಇರೂತನಕ ಅದು ನಡ್ಯಾಂಗಿಲ್ಲ."

ಆಯಿಯ ಕಣ್ಣಿಗೆ ಪೊರೆ ಬಂದ ಮೇಲೆ ಆ ಕಡ್ಡಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಎರಡೂ ಮನೆಯವರು ಒಪ್ಪಿದ ಏಕೈಕ ಹೆಸರು ನನ್ನದು. "ಮಯೂರಿ ಹೇಳಿದ್ರ ಮುಗೀತು," ಅನ್ನುತ್ತಿದ್ದ ಕಾಕಾ. "ಮಾತಾಡದ ಹುಡುಗಿ ಸುಳ್ಳ ಎಲ್ಲಿಂದ ಹೇಳತಾಳ?"

ಗಾಡಿ ಕಂಪನಿಯಿಂದ ಬಂದಾಗ ಇದ್ದ ರೂಪ ಈಗ ಇರಲಿಲ್ಲ. ಟೊಮೆಟೊ ಕ್ರೇಟು ಎತ್ತರಕ್ಕೆ ಪೇರಿಸಲೆಂದು ಅಪ್ಪ ಸುತ್ತ ಕಬ್ಬಿಣದ ಕಟಕಟೆ ಕಟ್ಟಿಸಿದ್ದ. ಭಾರ ತಡೆಯಲೆಂದು ಕಾಕಾ ಹಿಂದಿನ ಗಾಲಿಗಳ ಮೇಲೆ ಒಂದೊಂದು ಸ್ಪ್ರಿಂಗ್ ಪಾಟಾ ಹೆಚ್ಚಿಗೆ ಹಾಕಿಸಿದ್ದ. ಕಾಕಾನ ಮಗ ಸಂಜಯ ಸೀಟಿನ ಹಿಂದೆ ಹಾಡಿನ ಪೆಟ್ಟಿಗೆ ಕೂರಿಸಿದ್ದ. ದೀಪಾವಳಿಯ ಮುಂದೆ ಹಳೆಯ ಡೀಸೆಲ್ ಟಾಕಿ ತುಕ್ಕು ಹಿಡಿದು ಸೋರತೊಡಗಿದಾಗ, ಮುಗಳಖೋಡದ ವೆಲ್ಡಿಂಗ್ ಅಂಗಡಿಯಲ್ಲಿ ಬೇರೆ ಯಾವುದೋ ಗಾಡಿಯ ಉದ್ದನೆಯ ಟಾಕಿ ತಂದು ಚಾಸಿಗೆ ಉದ್ದಕ್ಕೂ ಕೂರಿಸಿದರು. ಅದರ ಬಾಯಿ ಹಿಂದಿನ ತುದಿಯಲ್ಲಿತ್ತು. ಕಡ್ಡಿ ನೆಟ್ಟಗೆ ಇಳಿಯುತ್ತಿತ್ತು. ಅದೇ ಅನುಕೂಲ ಎಂದು ಎಲ್ಲರೂ ಮೆಚ್ಚಿದರು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಪಾಳಿ ಬಿಡುವ ಊಟ ನಮ್ಮ ಮನೆಯಲ್ಲಿತ್ತು. ಗಾಡಿ ಕೊಡುವವರು ಒಯ್ಯುವವರಿಗೆ ಊಟ ಹಾಕಬೇಕು ಎನ್ನುವುದೂ ಆಯಿಯದೇ ಕಾನೂನು. ನಾನು ರೊಟ್ಟಿ ತಂದು ಹಾಕುತ್ತಿದ್ದೆ. ಕಾಕಾ ಝುಣಕಕ್ಕೆ ರೊಟ್ಟಿ ಅದ್ದುತ್ತ ಅಂದ, "ಅಣ್ಣಾ, ಗಾಡಿ ಎಣ್ಣಿ ಭಾಳ ಕುಡ್ಯಾಕತ್ತೇತಿ. ಆವ್ರೇಜ್ ಪೂರಾ ಬಿದ್ದೇತಿ. ನಿನ್ನ ಪಾಳ್ಯಾಗ ಹೆಂಗ ಐತಿ?"

"ನನ್ನ ಪಾಳ್ಯಾಗ ಏನೂ ಇಲ್ಲಪಾ. ಮೊದಲಿನಕಿಂತ ಚಲೋ ಓಡತೈತಿ," ಅಂದ ಅಪ್ಪ.

"ಅದ್ಹೆಂಗ? ಗಾಡಿ ಒಂದ, ರಸ್ತಾ ಒಂದ."

"ಕಾಲ ಬ್ಯಾರೆ ಅಲ್ಲೋ." ಅಪ್ಪ ಸಂಜಯನ ಕಡೆ ನೋಡಿ ನಕ್ಕ. "ನಿನ್ನ ಮಗ ಎಕ್ಸಲೇಟರ್ ಮ್ಯಾಲೆ ಕಾಲ ಇಡೂದಿಲ್ಲ, ಕುಂತ ಬಿಡತಾನ."

ಸಂಜಯ ಬಾಯೊಳಗಿನ ತುತ್ತು ನುಂಗಿ, "ಮತ್ತ ನೀ ಹೊಡಿ ದೊಡ್ಡಪ್ಪಾ," ಅಂದ. "ನೀ ಗಾಡಿ ಹೊಡದ್ರ ಹಿಂದಿನ ಎತ್ತಿನ ಗಾಡ್ಯಾವ ಸೈಡ್ ಕೇಳತಾನ."

ಎಲ್ಲರೂ ನಕ್ಕರು. ಆಯಿಗೆ ಕೆಮ್ಮು ಬರುವಷ್ಟು ನಗು. ನಾನೂ ಒಳಗೆ ಹೋಗಿ ನಕ್ಕೆ.

ಊಟದ ಮೊದಲು ಗಾಡಿಗೆ ಪೂಜೆ ಆಗಿತ್ತು. ದೀಪಾವಳಿಯಿಂದ ಈಚೆಗೆ ಅಪ್ಪ ಅದೊಂದು ಹೊಸ ಪದ್ಧತಿ ಹಾಕಿಕೊಂಡಿದ್ದ. ನಮ್ಮ ಅಂಗಳ ಬಾಗಿಲಿನಿಂದ ಬೀದಿಯ ಕಡೆಗೆ ಇಳಿಜಾರು. ಬ್ಯಾಟರಿ ಸತ್ತರೆ ನೂಕಿ ಚಾಲು ಮಾಡಲು ಸುಲಭ ಎಂದು ಉಳಿದ ದಿನ ಗಾಡಿಯ ಮುಖ ಬೀದಿಯ ಕಡೆಗೇ ಇರುತ್ತಿತ್ತು. ಪಾಳಿ ಬಿಡುವ ಭಾನುವಾರ ಮಾತ್ರ ಅಪ್ಪ ಅದನ್ನು ತಿರುಗಿಸಿ, ಮುಖ ಬಾಗಿಲಿಗೆ ಮಾಡಿ, ಏರಿಗೆ ನಿಲ್ಲಿಸುತ್ತಿದ್ದ. ಅವ್ವ ಬಾನೆಟ್ಟಿಗೆ ಭಂಡಾರ, ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದಳು.

"ದೇವರ ಕಡೆ ಮುಖಾ ಮಾಡಿ ಕಳಸಬೇಕ. ತಮ್ಮನ ಮನಿಗೆ ಹೋಗೂ ಗಾಡಿ," ಅನ್ನುತ್ತಿದ್ದ ಅಪ್ಪ.

ಕಾಕಾನಿಗೆ ಅದು ಎಷ್ಟು ಹಿಡಿಸಿತ್ತೆಂದರೆ, ತೋಟದ ಸುತ್ತಮುತ್ತಲಿನವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಮುಂದಿನ ವಾರಗಳಲ್ಲಿ ಕಾಕಾನ ಮನೆಯಲ್ಲಿ ಗಾಡಿಯ ರೋಗದ್ದೇ ಮಾತು. ಒಮ್ಮೆ ಅವರು ರಾಯಬಾಗದ ಬಾಬಾಸಾಹೇಬನ ಗ್ಯಾರೇಜಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅವ್ವನ ಕುಪ್ಪಸ ಹೊಲಿಯಲು ಕೊಡುವುದಿತ್ತು. ಬಾಬಾಸಾಹೇಬ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಬಡಿದ. ಕಬ್ಬಿನ ಒಣಗರಿಯ, ಎಂದರೆ ರವದಿಯ ಪುಡಿ, ಮಣ್ಣು ಎಲ್ಲ ಸೇರಿ ಒಂದು ಬೊಗಸೆ ಬಿತ್ತು.

"ಕಾಯ್ ಬೀರದೇವಾ, ಇದರಾಗ ಬೀಜಾ ಹಾಕಿದ್ರ ಬೆಳಿ ಬರತೈತಿ," ಅಂದ. "ಮೂಗಿನ್ಯಾಗ ಅರಿವಿ ತುರುಕಿ ಓಡಂದ್ರ ಯಾರ ಓಡತಾರ?"

ಕಾಕಾನ ಮುಖ ಅರಳಿತು. "ಅಂದ್ರ ಇದ ರೋಗ ಹೌದಲ್ಲ?"

"ಇದೂ ಒಂದ."

ಫಿಲ್ಟರ್ ಬದಲಾಯಿತು. ಮುಂದಿನ ಪಾಳಿಯಲ್ಲಿ ಹಿಂದಿನ ಎಡಗಾಲಿ ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತಿದೆ, ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆ ಎಂದು ಅದನ್ನು ಬಿಡಿಸಿದರು. ಆಮೇಲೆ ನಾಜಲ್ ತೊಳೆಸಿದರು. ಗಾಲಿಗಳಲ್ಲಿ ಗಾಳಿ ಕಡಿಮೆ ಎಂದು ತುಂಬಿಸಿದರು. ಹೆಚ್ಚಿಗೆ ಹಾಕಿದ ಪಾಟಾ ತೆಗೆಸಿದರು. ಕಟಕಟೆ ಗಾಳಿ ತಡೆಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅದರ ಮೇಲಿನ ಅರ್ಧ ಕೊಯ್ಯಿಸಿದರು. ಸಂಜಯ ತನ್ನ ಹಾಡಿನ ಪೆಟ್ಟಿಗೆಯನ್ನು ತಾನೇ ಬಿಚ್ಚಿ ಅಟ್ಟಕ್ಕೆ ಹಾಕಿದ. ಪ್ರತಿಯೊಂದು ರಿಪೇರಿ ಆದ ಮೇಲೂ ಕಾಕಾ ನಗುತ್ತ ಗಾಡಿ ಒಯ್ಯುತ್ತಿದ್ದ. ವಾರದ ನಡುವೆಯೇ ಮುಖ ಸಣ್ಣದು ಮಾಡಿಕೊಂಡು ಕ್ಯಾನು ಹಿಡಿದು ಪಂಪಿಗೆ ಹೋಗುತ್ತಿದ್ದ.

ಕಾಕಾನ ಹೆಂಡತಿ, ನನ್ನ ಕಾಕು, ರೇಗತೊಡಗಿದಳು. ಅವರ ಅಂಗಳದಲ್ಲಿ ಅವಳ ಜೊತೆ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದಾಗ ಅಂದಳು, "ಒಗ್ಗರಣಿಗೆ ನಾ ಹನಿ ಹನಿ ಎಣ್ಣಿ ಹಾಕತೇನಿ ಮಯೂರಿ. ಆ ಗಾಡಿಗೆ ಮಾತ್ರ ಡಬ್ಬಿ ಡಬ್ಬಿ ಸುರೂತಾರ. ಗಾಡಿ ಅಲ್ಲ ಅದು, ಸವತಿ."

ಆಮೇಲೆ ದನಿ ತಗ್ಗಿಸಿ, "ಸಂಜ್ಯಾ ಎಲ್ಲೆರೆ ತಿರಗತಾನೇನ? ನಿನ್ನ ಮುಂದ ಏನರೆ ಅಂದಾನೇನ?" ಎಂದು ಕೇಳಿದಳು.

ಅವನ ತಾಯಿಯೇ ಹಾಗೆ ಕೇಳಿದ್ದು ನನಗೆ ನೋವಾಯಿತು. ಸಂಜಯ ನನಗಿಂತ ಸ್ವಲ್ಪವೇ ದೊಡ್ಡವನು. ಸಾಲೆಗೆ ಹೋಗುವಾಗ ನನ್ನ ಪರವಾಗಿ ಮಾಸ್ತರರಿಗೆ ಉತ್ತರ ಹೇಳುತ್ತಿದ್ದವನು ಅವನೇ. "ಆಕಿಗೆ ಬರತೈತ್ರಿ ಸರ್, ಹೇಳಾಕ ಆಗೂದಿಲ್ಲ ಅಷ್ಟ," ಎನ್ನುತ್ತಿದ್ದ. ನಾನು ಕಾಕುವಿಗೆ ತಲೆ ಅಲ್ಲಾಡಿಸಿದೆ. ಇಲ್ಲ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ.

ಕೊನೆಗೆ ಒಂದು ಉಪಾಯ ಹುಡುಕಿದವನು ಸಂಜಯನೇ. ಪಂಪಿನಲ್ಲಿ ಟಾಕಿಯ ಬಾಯಿ ತನಕ ತುಂಬಿಸುವುದು, ಮಾಲು ಹೇರಿಕೊಂಡು ನಿಪ್ಪಾಣಿಗೆ ಹೋಗಿ ಬರುವುದು, ಅದೇ ಪಂಪಿನಲ್ಲಿ ಮತ್ತೆ ಬಾಯಿ ತನಕ ತುಂಬಿಸಿ ಎಷ್ಟು ಹಿಡಿಯಿತು ನೋಡುವುದು. ಕಾಕಾನೂ ಅವನ ಪಕ್ಕದಲ್ಲಿ ಕೂತು ಹೋದ. ಗಾಡಿಯ ರೋಗ ಇವತ್ತು ಸಿಗುತ್ತದೆ ಎಂದು ಸಂಜಯ ಅಷ್ಟು ನಂಬಿದ್ದ.

ಗಾಡಿಗೆ ರೋಗವೇ ಇರಲಿಲ್ಲ. ಹೊಸತರಲ್ಲಿ ಕೊಟ್ಟಷ್ಟೇ ಆವ್ರೇಜ್ ಕೊಟ್ಟಿತು.

ಬಾಬಾಸಾಹೇಬನಿಗೆ ಹೇಳಿದಾಗ ಅವನು ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ, "ಗಾಡಿ ಕುಡದಿಲ್ಲ ಅಂದಮ್ಯಾಲೆ ಮನಶ್ಯಾ ಕುಡದಾನ," ಅಂದನಂತೆ. ಹಾಗೆಂದು ಸಂಜಯನ ಕಡೆ ನೋಡಿ ಕಣ್ಣು ಮಿಟುಕಿಸಿದನಂತೆ. ಅವನು ಚೇಷ್ಟೆಗೆ ಅಂದದ್ದು. ಕಾಕಾ ಚೇಷ್ಟೆಯೆಂದು ತಿಳಿಯಲಿಲ್ಲ.

ಆ ಭಾನುವಾರ ಕಾಕಾನ ಪಾಳಿ ಮುಗಿದು ನಾವು ಗಾಡಿ ತರಬೇಕಿತ್ತು. ಅಪ್ಪ, ಆಯಿ, ನಾನು ತೋಟದ ಮನೆಗೆ ಹೋದೆವು. ಅವರ ಅಂಗಳ ಕಣ ಮಾಡಿದಂಥ ಸಪಾಟು ನೆಲ. ನಾನು ಕಡ್ಡಿ ಅದ್ದಿ, "ಗೀಟಿಗೆ ಬಂತು," ಅಂದೆ. ಕಾಕಾ ಅದಕ್ಕೇ ಕಾದಿದ್ದವನ ಹಾಗೆ ಎದ್ದು ನಿಂತ.

"ಕೇಳಿದೇನಲೇ ಸಂಜ್ಯಾ? ನಾವು ಗೀಟಿನ ಮಟಾ ತುಂಬಿಸಿ ಕೊಡತೇವಿ. ಅಣ್ಣಾನೂ ಗೀಟಿನ ಮಟಾ ತುಂಬಿಸಿ ಕೊಡತಾನ. ಎರಡೂ ಕಡೆ ಮಯೂರಿನ ನೋಡತಾಳ. ಗಾಡಿ ನಿರೋಗಿ ಐತಿ ಅಂತ ನೀನ ತೋರಿಸಿದಿ. ಮತ್ತ ನಡುವ ಎಣ್ಣಿ ಎಲ್ಲಿ ಹೋತು?"

"ನನಗೇನ ಗೊತ್ತ?" ಅಂದ ಸಂಜಯ.

"ಗಾಡಿ ಯಾರ ಕೈಯಾಗ ಇರತೈತಿ?"

"ನನ್ನ ಕೈಯಾಗ."

"ಹಂಗಾರ?"

"ಹಂಗಾರ ಅಂದ್ರ? ನಾ ಮಾರೇನಿ ಅಂತೀಯೇನ?" ಸಂಜಯನ ದನಿ ಒಡೆಯಿತು. "ಅಪ್ಪಾ, ಕದಿಯಾವಿದ್ರ ನಾ ಯಾಕ ಟಾಕಿ ತುಂಬಿಸಿ ನೋಡೂನು ಅಂತಿದ್ನಿ?"

"ಅದ ನನಗೂ ತಿಳಿವಲ್ದು. ಶಾಣ್ಯಾ ಆಗಾಕ ಹೋಗಿ ಸಿಕ್ಕಬಿದ್ದಿ."

ಸಂಜಯ ನನ್ನ ಕಡೆ ತಿರುಗಿದ. "ಮಯೂರಿ, ನೀ ಹೇಳ. ನಾ ಎಣ್ಣಿ ಕದೀತೇನೇನ?"

ನನ್ನ ಕೈಯಲ್ಲಿ ಕಡ್ಡಿ ಇತ್ತು. ಅದರ ತುದಿಯಿಂದ ಡೀಸೆಲ್ ನನ್ನ ಪಾದದ ಮೇಲೆ ಹನಿಯುತ್ತಿತ್ತು. ಅವನು ಕದಿಯುವವನಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕಡ್ಡಿಯೂ ಸುಳ್ಳಲ್ಲ, ಅದನ್ನು ನೋಡಿದ್ದು ನನ್ನದೇ ಕಣ್ಣು. ಎರಡರ ನಡುವೆ ನನ್ನ ನಾಲಿಗೆ ಸಿಕ್ಕಿಕೊಂಡಿತು. ಅವನು ಮುಖ ತಿರುಗಿಸಿಕೊಂಡ.

ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಅಪ್ಪ ಮೆಲ್ಲಗೆ ಅಂದ, "ಇರಲಿ ಬಿಡೋ ಬೀರ್ಯಾ. ಹುಡುಗರ ವಯಸ್ಸಿನ್ಯಾಗ ತಪ್ಪ ಆಗತಾವ. ಮನ್ಯಾಗಿಂದು ಮನ್ಯಾಗ ಇರಲಿ."

ಅಪ್ಪ ಎಷ್ಟು ದೊಡ್ಡ ಮನಸ್ಸಿನವನು ಅಂದುಕೊಂಡೆ. ಆ ರಾತ್ರಿ ಡೈರಿಯಲ್ಲಿ ಹಾಗೆಯೇ ಬರೆದೆ ಕೂಡ.

ಕಾಕಾ ಬಿಡಲಿಲ್ಲ. "ಮುಂದಿನ ಐತವಾರ ಅಣ್ಣನ ಮನ್ಯಾಗ ಪಾಳಿ ಬಿಡೂ ಮುಂದ, ಆಯಿ ಎದುರಿಗೆ, ಬೀರದೇವರ ಭಂಡಾರ ಮುಟ್ಟಿ ಹೇಳಬೇಕ ಇಂವಾ. ಅಂದ್ರ ನಾ ನಂಬತೇನಿ."

ನಮ್ಮ ಮನೆತನದಲ್ಲಿ, ಕಾಕಾನಿಗೆ ಹೆಸರು ಕೊಟ್ಟ ಮನೆದೇವರ ಅರಿಸಿನ ಪುಡಿ ಮುಟ್ಟಿ ಆಣೆ ಮಾಡುವುದೆಂದರೆ ಮುಗಿಯಿತು. ಅದರಾಚೆ ಮಾತಿಲ್ಲ. ಅಂಥ ಆಣೆಯನ್ನು ಹೊರಗಿನವರಿಗೆ ಹಾಕುತ್ತಾರೆ. ಹೆತ್ತ ಮಗನಿಗೆ ಹಾಕಿದ್ದನ್ನು ನಾನು ಕೇಳಿರಲಿಲ್ಲ.

"ಮುಟ್ಟೂದಿಲ್ಲ," ಅಂದ ಸಂಜಯ. "ನನ್ನ ಮಾತ ನಿನಗ ಸಾಲೂದಿಲ್ಲ ಅಂದ್ರ ಭಂಡಾರ ಮುಟ್ಟಿ ಏನ ಮಾಡ್ಲಿ? ಅಥಣಿ ಕಡೆ ಕಬ್ಬಿನ ಗ್ಯಾಂಗಿನಾವ್ರು ಟ್ರ್ಯಾಕ್ಟರಿಗೆ ಡ್ರೈವರ್ ಹುಡಕಾಕತ್ತಾರ. ಅಲ್ಲಿ ಹೋಗತೇನಿ. ತಿರುಗಿ ಈ ಅಂಗಳಕ್ಕ ಕಾಲ ಇಡೂದಿಲ್ಲ."

"ಮುಟ್ಟದಿದ್ರ ಹೋಗ."

ಕಾಕು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತಿನ ಪಾಳಿಯ ಊಟ ಯಾರೂ ಮಾಡಲಿಲ್ಲ. ಅಪ್ಪ ಗಾಡಿ ಚಾಲು ಮಾಡಿ ನಮ್ಮನ್ನು ಕರೆದುಕೊಂಡು ಬಂದ.

ಆ ವಾರ ಅವ್ವ ಹಪ್ಪಳ ಕರಿಯುತ್ತಿದ್ದಳು. ಎಣ್ಣೆ ಡಬ್ಬಿ ತಳ ಕಂಡಿತ್ತು. ನಾನು ಸೌಟು ಇಳಿಸಿದರೆ ಬರೇ ತಗಡು ಕೆರೆದ ಸದ್ದು.

"ಎಣ್ಣಿ ಮುಗೀತವ್ವಾ," ಅಂದೆ.

"ಎಲ್ಲಿ ಮುಗೀತ? ಕಸಾ ಹೊಡಿಯೂವಾಗ ಇಟ್ಟಂಗಿ ತಗದಿದ್ದೆ," ಅನ್ನುತ್ತ ಅವ್ವ ಅರ್ಧ ಇಟ್ಟಿಗೆಯನ್ನು ಡಬ್ಬಿಯ ಒಂದು ಬದಿಯ ಕೆಳಗೆ ತುರುಕಿದಳು. ಡಬ್ಬಿ ವಾಲಿತು. "ಈಗ ತಗೋ."

ವಾಲಿದ ಮೂಲೆಗೆ ಸೌಟು ಇಳಿಸಿದೆ. ತುಂಬಿ ಬಂತು.

ಡಬ್ಬಿಯೊಳಗೆ ಒಂದು ಹನಿಯೂ ಹೆಚ್ಚಾಗಿರಲಿಲ್ಲ. ಆದರೆ ಇದ್ದದ್ದೆಲ್ಲ ಸೌಟು ಇಳಿಯುವ ಮೂಲೆಗೆ ಬಂದು ನಿಂತಿತ್ತು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಇಳಿಜಾರಿನಲ್ಲಿ ಬೀದಿಗೆ ಮುಖ ಮಾಡಿ ಗಾಡಿ ನಿಂತಿತ್ತು. ಅದರ ಉದ್ದನೆಯ ಟಾಕಿಯ ಬಾಯಿ ಹಿಂದಿನ ತುದಿಯಲ್ಲಿ.

"ಮಯೂರಿ, ಹಪ್ಪಳ ಹೊತ್ತಾಕತ್ತಾವ!" ಅಂದಳು ಅವ್ವ.

ಭಾನುವಾರದ ತನಕ ಕಾದೆ. ಬೆಳಿಗ್ಗೆ ಅಪ್ಪ ಪಂಪಿನಲ್ಲಿ ಎಣ್ಣೆ ಹಾಕಿಸಿ ತಂದು, ಗಾಡಿ ತೊಳೆದು ಚಹಾ ಕುಡಿಯಲು ಒಳಗೆ ಬಂದಾಗ, ಆಯಿಯ ಕಾನೂನು ಮುರಿದು ನಾನೊಬ್ಬಳೇ ಹೋಗಿ ಕಡ್ಡಿ ಅದ್ದಿದೆ. ಮುಖ ಬೀದಿಗಿತ್ತು. ಎಣ್ಣೆ ಗೀಟಿಗಿಂತ ಬಹಳ ಕೆಳಗಿತ್ತು. ಆಮೇಲೆ ಅಪ್ಪ ಗಾಡಿಯನ್ನು ಬೀದಿಗಿಳಿಸಿ, ತಿರುಗಿಸಿ, ಪೂಜೆಗೆಂದು ಬಾಗಿಲ ಕಡೆ ಮುಖ ಮಾಡಿ ಏರಿಗೆ ನಿಲ್ಲಿಸಿ ಸ್ನಾನಕ್ಕೆ ಹೋದ. ನಾನು ಮತ್ತೆ ಅದ್ದಿದೆ. ಅಪ್ಪ ನಡುವೆ ಹನಿ ಎಣ್ಣೆಯನ್ನೂ ಹಾಕಿರಲಿಲ್ಲ. ಆದರೂ ಕಡ್ಡಿ ಗೀಟಿನ ತನಕ ತೊಯ್ದಿತ್ತು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಯಾರೂ ಕಳ್ಳರಲ್ಲ! ಕಾಕಾನ ಅಂಗಳ ಸಪಾಟು, ನಮ್ಮದು ಇಳಿಜಾರು, ಅಷ್ಟೇ. ಏರಿಗೆ ನಿಂತಾಗ ಎಣ್ಣೆ ಹಿಂದಕ್ಕೆ, ಕಡ್ಡಿ ಇಳಿಯುವ ಬಾಯಿಯ ಕಡೆಗೆ ಸರಿದು, ನಮ್ಮಲ್ಲಿಂದ ಹೋಗುವಾಗ ಕಡಿಮೆ ಎಣ್ಣೆಗೇ ಗೀಟು ಮುಟ್ಟುತ್ತದೆ, ಅಲ್ಲಿಂದ ಬರುವಾಗ ಪೂರ್ತಿ ಬರುತ್ತದೆ. ಪಾಪ, ಅಪ್ಪನಿಗೂ ಇದು ತಿಳಿದಿಲ್ಲ. ತಿಳಿದರೆ ಈಗಲೇ ತೋಟದ ಮನೆಗೆ ಓಡುತ್ತಾನೆ.

ಅಪ್ಪ ತಲೆ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದ. ನಾನು ಜನ್ಮದಲ್ಲೇ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಎಣ್ಣೆ ಡಬ್ಬಿ, ಇಟ್ಟಿಗೆ, ಟಾಕಿಯ ಬಾಯಿ, ಅಂಗಳದ ಇಳಿಜಾರು, ಎಲ್ಲ ಒಂದರ ಮೇಲೊಂದು ಬಂತು. "ಸಂಜಯಣ್ಣ ಕದ್ದಿಲ್ಲ ಅಪ್ಪಾ. ಯಾರೂ ಕದ್ದಿಲ್ಲ. ಕಾಕಾಗ ಹೇಳೂನು ನಡಿ," ಎಂದು ಮುಗಿಸಿ ಅವನ ಮುಖ ನೋಡಿದೆ. ಅಲ್ಲಿ ಆಶ್ಚರ್ಯ ಕಾಣುತ್ತದೆ ಅಂದುಕೊಂಡಿದ್ದೆ.

ಅಪ್ಪ ಬೀದಿಯ ಕಡೆ ನೋಡಿದ. ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದ್ದು.

"ಯಾರ ಮುಂದರೆ ಹೇಳಿಯೇನ?" ಅಂದ.

"ಇಲ್ಲ."

"ಹೇಳಬ್ಯಾಡ."

ನನಗೆ ಒಮ್ಮೆಗೇ ತಿಳಿಯಲಿಲ್ಲ. ತಿಳಿದಾಗ ಕೇಳಿದೆ, "ನಿನಗ ಗೊತ್ತಿತ್ತು?"

"ಟಾಕಿ ಕುಂದರಿಸಿದ ಮ್ಯಾಲೆ ಒಂದಿನಾ ನೋಡಿದ್ನಿ." ಅಪ್ಪ ಟವಲ್ಲು ಹೆಗಲಿಗೆ ಹಾಕಿಕೊಂಡ. ದನಿ ಏರಿಸಲಿಲ್ಲ. "ಬಾವಿ ಅವನ ಪಾಲಿಗೆ ಹೋತು. ಆವಾಗ ಯಾರರೆ ಕಡ್ಡಿ ಅದ್ದಿ ನೋಡಿದ್ರೇನ ನನಗ ಎಷ್ಟ ಬಂತು ಅಂತ? ನೀರಿಗೆ ಅವನ ಬದುವಿನ ಮ್ಯಾಲೆ ಹೋಗಿ ನಿಲ್ಲತೇನಿ ನಾ. ಹಿರಿಯ ಮಗ. ಇದು ಎಷ್ಟರದು? ಒಂದೀಟ ಎಣ್ಣಿ."

"ಸಂಜಯಣ್ಣ ಮನಿ ಬಿಟ್ಟ ಹೊಂಟಾನ ಅಪ್ಪಾ."

"ಎರಡ ದಿನಾ ಹೋಗತಾನ, ಬರತಾನ."

"ಪೂಜಿ? ದೇವರ ಕಡೆ ಮುಖಾ ಮಾಡೂದು?"

ಅಪ್ಪ ಟವಲ್ಲಿನ ತುದಿಯಿಂದ ಕಿವಿ ಒರೆಸಿಕೊಂಡ.

"ನಾ ಎಲ್ಲಾರ ಮುಂದ ಗೀಟಿಗೆ ಬಂತು ಅಂತಿದ್ದೆ," ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

"ಬಂದದ್ದಕ್ಕ ಬಂತು ಅಂದಿ. ನೀ ಏನ ಸುಳ್ಳ ಹೇಳಿಲ್ಲಲ್ಲ." ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, ಚಿಕ್ಕಂದಿನಲ್ಲಿ ಅನ್ನುತ್ತಿದ್ದಂತೆ ಪ್ರೀತಿಯಿಂದಲೇ ಅಂದ, "ಅದಕ್ಕ ಅಲ್ಲೇನವಾ ನಿನ್ನ ಕೈಯಾಗ ಕಡ್ಡಿ ಕೊಟ್ಟದ್ದು? ನೀ ಅಂದ್ರ ಎಲ್ಲಾರೂ ನಂಬತಾರ."

ಒಳಗೆ ಅವ್ವ ಕಾಯಿಯ ಜುಟ್ಟು ಕೀಳುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾನು ಅವಳ ಎದುರು ಕೂತೆ.

"ನಿನಗೂ ಗೊತ್ತಿತ್ತೇನ ಅವ್ವಾ?"

"ನಾ ಕುಂಕುಮ ಹಚ್ಚತೇನಿ. ಅಷ್ಟ ನಂದು," ಅಂದಳು, ತಲೆ ಎತ್ತದೆ. ಕಿತ್ತ ಜುಟ್ಟು ಬದಿಗೆಸೆದು ಮತ್ತೆ ಅಂದಳು, "ಇಷ್ಟ ದಿವಸ ಮಾತಾಡಲಾರದಾಕಿ ಇವತ್ತ ಮಾತಾಡಬ್ಯಾಡ. ನಾಳೆ ನಿನ್ನ ನೋಡಾಕ ಬರೂ ಮಂದಿ ಮೊದಲ ಮನಿ ಹೆಸರ ಕೇಳತಾರ. ರೊಟ್ಟಿ ಹಿಟ್ಟ ನಾದ್ಕೋ, ಬರೂ ಹೊತ್ತಾತು."

ನಾದಿಕೊಂಡೆ. ರೊಟ್ಟಿ ಬಡಿದೆ. ಒಂದೂ ದುಂಡಗೆ ಬರಲಿಲ್ಲ.

ಇಳಿಹೊತ್ತಿಗೆ ಕಾಕಾ, ಕಾಕು, ಸಂಜಯ ಬಂದರು. ಸಂಜಯನ ಹೆಗಲಿಗೆ ಬ್ಯಾಗು ಇತ್ತು. ಅವನು ಕಟ್ಟೆಯ ಮೇಲೆ ಕೂರಲಿಲ್ಲ, ಬೀದಿಯ ಅಂಚಿನಲ್ಲೇ ನಿಂತ. ಆಯಿ ಬಾಗಿಲಲ್ಲಿ ಕೂತು ಭಂಡಾರದ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು, ಯಾರಿಗೂ ಕೊಡಲು ಮನಸ್ಸಿಲ್ಲದವಳಂತೆ.

"ಒಳಗ ಬಾರೋ ಯಪ್ಪಾ, ರೊಟ್ಟಿ ತಿನ್ನ," ಅಂದಳು ಆಯಿ.

"ಬ್ಯಾಡ ಆಯಿ. ಅಥಣಿ ಬಸ್ ಐತಿ."

"ಬೀರ್ಯಾ, ಇನ್ನೊಮ್ಮೆ ವಿಚಾರ ಮಾಡ. ಹುಡುಗ ಮನಿ ಬಿಟ್ರ ಮನಿ ಉಳೀತೈತೇನ?"

"ಭಂಡಾರ ಮುಟ್ಟಲಿ, ನಾಳೆ ಗಾಡಿ ಅವನ ಹೊಡೀಲಿ," ಅಂದ ಕಾಕಾ. ಅವನ ಕಣ್ಣು ಬಾತಿದ್ದವು. "ನನಗೇನ ಖುಷಿ ಐತೇನ ಆಯಿ?"

ಅಪ್ಪ ಊದಿನಕಡ್ಡಿ ಹಚ್ಚಿ ಗಾಡಿಗೆ ಬೆಳಗಿದ. ಅವ್ವ ಬಾನೆಟ್ಟಿಗೆ ಕುಂಕುಮ ಹಚ್ಚಿ, ನನ್ನ ಕಡೆ ನೋಡದೆ ಒಳಗೆ ಹೋದಳು. ಕಾಕು ಎರಡೂ ಕೈ ಜೋಡಿಸಿ ಗಾಡಿಗೆ ನಮಸ್ಕಾರ ಮಾಡಿದಳು. ಅದನ್ನು ನೋಡಲು ನನ್ನಿಂದಾಗಲಿಲ್ಲ.

"ಮೊದಲ ಕಡ್ಡಿ ಆಗಲಿ," ಅಂದ ಅಪ್ಪ. "ಮಯೂರಿ, ಬಾರವ್ವಾ."

ನಾನು ಗಾಡಿಯ ಹಿಂದಕ್ಕೆ ಹೋದೆ. ಟಾಕಿಯ ಮುಚ್ಚಳ ತಿರುಗಿಸಿದೆ. ಕಡ್ಡಿ ತಳ ಮುಟ್ಟುವ ತನಕ ಇಳಿಸಿ, ಮೇಲೆತ್ತಿ, ಬೆಳಕಿಗೆ ಹಿಡಿದೆ. ಆಯಿಯ ಕುಡುಗೋಲು ಎಳೆದ ಗೀಟಿನ ಮೇಲೆ ಎಣ್ಣೆ ಸರಿಯಾಗಿ ನಿಂತಿತ್ತು.

"ಹೇಳವಾ," ಅಂದಳು ಆಯಿ.

ಕಾಕಾ ನನ್ನನ್ನು ನೋಡುತ್ತಿರಲಿಲ್ಲ. ನೋಡುವ ಅಗತ್ಯ ಅವನಿಗೆ ಇರಲಿಲ್ಲ. ಸಂಜಯ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿದ್ದ. ಅಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದ.

"ಹೇಳ ಮಯೂರಿ," ಅಂದ. "ಗೀಟಿಗೆ ಬಂತಲ್ಲ?"

"ಬಂತು," ಅಂದೆ.

ಅಪ್ಪನ ಭುಜ ಕೆಳಗಿಳಿಯಿತು. ಕಾಕಾ ಬಟ್ಟಲಿಗೆ ಕೈ ಚಾಚಿದ. ಆಯಿ ಕೈ ತೆಗೆಯಲೋ ಬೇಡವೋ ಎಂದು ಅನುಮಾನಿಸುತ್ತಿದ್ದಳು. ನಾನು ಕಡ್ಡಿಯನ್ನು ಒರೆಸಿ ಮೂಲೆಗಿಡಬೇಕಿತ್ತು. ಪ್ರತಿ ಸಲ ಹಾಗೇ ಮಾಡುತ್ತಿದ್ದೆ. ಇಡಲಿಲ್ಲ. ಅಂಗಳ ದಾಟಿ ಹೋಗಿ ಅದನ್ನು ಕಾಕಾನ ಚಾಚಿದ ಕೈಯಲ್ಲಿ ಕೊಟ್ಟೆ. ನನ್ನ ಗಂಟಲಿನಿಂದ ಬಂದ ದನಿ ಬೀದಿಯ ಅಂಚಿನಲ್ಲಿ ನಿಂತವನು ತಿರುಗಿ ನೋಡುವಷ್ಟು ದೊಡ್ಡದಿತ್ತು.

"ಕಾಕಾ, ಗಾಡಿ ಏರಿಗೆ ನಿಂತೇತಿ, ಅದಕ್ಕ ಬಂದೈತಿ. ಸಪಾಟ ನೆಲಕ್ಕ ನಿಲ್ಲಿಸಿ ಮತ್ತೊಮ್ಮೆ ಅದ್ದಿ ನೋಡ, ಬರೂದಿಲ್ಲ. ಇದು ಅಪ್ಪಗ ಗೊತ್ತೈತಿ."